ಸಂಗಮದಿಂದ ಮಂಚನಬೆಲೆವರೆಗೆ: ಹುಟ್ಟು ಹಿಡಿದವರ ಹೊಸ ಹವ್ಯಾಸ

ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದಲ್ಲಿ ತೆಪ್ಪ ನಡೆಸುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಹುಟ್ಟನ್ನು ಅವರು ಹಿಂದಕ್ಕೆ ತಳ್ಳುವುದಿಲ್ಲ. ತೆಪ್ಪದ ಮುಂದಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಎದುರಿನ ನೀರಿಗೆ ಹುಟ್ಟು ಇಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಆಡಿಸುತ್ತ ನೀರನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಾರೆ. ದುಂಡಗಿನ ತೆಪ್ಪಕ್ಕೆ ಹಿಂದು ಮುಂದು ಎಂಬುದಿಲ್ಲ. ಒಂದೇ ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ನಿಂತಲ್ಲೇ ಗಿರಗಿರ ತಿರುಗುತ್ತದೆ. ಹತ್ತುವ ಮೊದಲು ಅವರು ಹೇಳುವ ಮಾತೂ ಹೆಚ್ಚಿಲ್ಲ: ‘ಎಲ್ಲಾ ಒಂದೇ ಕಡೀಕ್ ಕುಂತ್ಕಬ್ಯಾಡಿ ಸಾ, ಸುತ್ತ ಹಂಚ್ಕಂಡ್ ಕುಂತ್ಕಳಿ. ಫೋಟೋ ತಗಿಯಾಕೆ ಎದ್ ನಿಂತ್ಕಬ್ಯಾಡಿ.’ ದುಡ್ಡು ಕೊಟ್ಟು ಸೇರುವ ಕಯಾಕಿಂಗ್ ತರಗತಿಯ ಮೊದಲ ಪಾಠವೂ ಹೆಚ್ಚುಕಡಿಮೆ ಇಷ್ಟೇ. ಮೈಭಾರ ಎಲ್ಲಿದೆ ನೋಡಿಕೊಳ್ಳಿ, ತಗ್ಗಿ ಕೂರಿ, ಹುಟ್ಟಿನ ಅಲಗು ಪೂರ್ತಿ ಮುಳುಗಲಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದರೆ ಸಾಹಸಪ್ರಿಯರಿಗೆ ನೆನಪಾಗುವುದು ಬಂಡೆ. ‘ಶೋಲೆ’ಯ ಗಬ್ಬರ್ ಸಿಂಗನಿಂದ ಹಿಡಿದು ಹಗ್ಗ ಕಟ್ಟಿಕೊಂಡು ಬೆಟ್ಟ ಹತ್ತುವ ಹುಡುಗರವರೆಗೆ ಎಲ್ಲರೂ ಇಲ್ಲಿನ ಕಲ್ಲನ್ನೇ ಹುಡುಕಿಕೊಂಡು ಬಂದವರು. ನೀರಿನ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿರುವ ರಾಮನಗರ ಜಿಲ್ಲೆಯ ಉದ್ದಕ್ಕೂ ಅರ್ಕಾವತಿ ಹರಿಯುತ್ತದೆ. ಚನ್ನಪಟ್ಟಣದ ಸೀಮೆಯಲ್ಲಿ ಕಣ್ವ ಮತ್ತು ಶಿಂಷಾ ಇವೆ. ಕನಕಪುರದ ದಕ್ಷಿಣದ ಅಂಚಿನಲ್ಲಿ ಕಾವೇರಿಯೇ ಇದ್ದಾಳೆ. ಇತ್ತೀಚಿನ ವರ್ಷಗಳಲ್ಲಿ ಶನಿವಾರ ಬೆಳಗಾದರೆ ಮಾಗಡಿ ರಸ್ತೆಯಲ್ಲೂ ಕನಕಪುರ ರಸ್ತೆಯಲ್ಲೂ ಕಾರಿನ ನೆತ್ತಿಗೆ ಬಣ್ಣದ ದೋಣಿ ಬಿಗಿದುಕೊಂಡು ಹೋಗುವವರು ಅಲ್ಲಿ ಇಲ್ಲಿ ಕಾಣತೊಡಗಿದ್ದಾರೆ. ಒಳ್ಳೆಯ ಹವ್ಯಾಸ. ಆದರೆ ಈ ಜಿಲ್ಲೆಯ ನೀರು ಸುಮ್ಮನೆ ಇಳಿದು ಕಲಿಯುವಂಥದ್ದಲ್ಲ. ಒಂದೊಂದು ಕಡೆಯ ನೀರಿಗೆ ಒಂದೊಂದು ಗುಣ.

ಮೊದಲು ಮೂರು ಸಾಧನಗಳ ಪರಿಚಯ ಆಗಲಿ. ಕಯಾಕ್ ಹುಟ್ಟಿದ್ದು ಉತ್ತರ ಧ್ರುವದ ಸುತ್ತಿನ ಹಿಮಸಮುದ್ರದಲ್ಲಿ. ಇನ್ಯುಯಿಟ್ ಬೇಟೆಗಾರರು ಮರ ಅಥವಾ ತಿಮಿಂಗಿಲದ ಮೂಳೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ, ಸೊಂಟದವರೆಗೆ ಒಳಗಿಳಿದು ಕೂರುವಂತೆ ಅದನ್ನು ಕಟ್ಟುತ್ತಿದ್ದರು. ಕಾಲು ಮುಂದಕ್ಕೆ ಚಾಚಿ ಕೂರಬೇಕು. ಹುಟ್ಟಿನ ಎರಡೂ ತುದಿಗೆ ಅಲಗು. ಕೆನೂ ಉತ್ತರ ಅಮೆರಿಕದ ಮೂಲನಿವಾಸಿಗಳದು. ಬರ್ಚ್ ಮರದ ತೊಗಟೆ ಹೊದಿಸಿದ, ಮೇಲೆ ತೆರೆದ ದೋಣಿ ಅದು. ಅದರಲ್ಲಿ ಮಂಡಿಯೂರಿಯೋ ಹಲಗೆಯ ಮೇಲೆ ಕೂತೋ ಒಂದೇ ಅಲಗಿನ ಹುಟ್ಟು ಹಾಕುತ್ತಾರೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಿಂದ ಇವೆರಡೂ ಪದಕದ ಆಟಗಳು. ಪ್ಯಾಡಲ್‌ಬೋರ್ಡ್ ಇವುಗಳಿಗಿಂತ ಕಿರಿಯದು. ಹವಾಯಿ ದ್ವೀಪದ ಅಲೆಸವಾರರು ಹಲಗೆಯ ಮೇಲೆ ನಿಂತು ಉದ್ದ ಹುಟ್ಟು ಹಾಕುತ್ತಿದ್ದುದು 2000ದ ನಂತರ ಜಗತ್ತಿಗೆಲ್ಲ ಹಬ್ಬಿತು. ಈಗ ಸಿಗುವ ಬೋರ್ಡ್‌ಗಳಲ್ಲಿ ಹೆಚ್ಚಿನವು ಗಾಳಿ ತುಂಬುವಂಥವು. ಹತ್ತು ಹನ್ನೊಂದು ಅಡಿ ಉದ್ದ, ಎರಡೂವರೆ ಅಡಿಗಿಂತ ತುಸು ಹೆಚ್ಚು ಅಗಲ. ಮಡಚಿದರೆ ಬೆನ್ನಿಗೆ ಹಾಕುವ ಚೀಲದಲ್ಲಿ ಹಿಡಿಯುತ್ತದೆ. ಕೈಪಂಪಿನಲ್ಲಿ ಗಾಳಿ ತುಂಬಿ ಮುಗಿಸುವಷ್ಟರಲ್ಲಿ ಅರ್ಧ ವ್ಯಾಯಾಮ ಮುಗಿದಿರುತ್ತದೆ.

ನಮ್ಮ ತೆಪ್ಪಕ್ಕೆ, ತುಂಗಭದ್ರೆಯ ಕಡೆಯವರ ಹರಿಗೋಲಿಗೆ, ಒಲಿಂಪಿಕ್ಸ್‌ನಲ್ಲಿ ಜಾಗ ಸಿಗಲಿಲ್ಲ. ವಂಶಾವಳಿ ಮಾತ್ರ ಕಡಿಮೆಯದಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೊರಗೆ ತೊಗಲು ಇರುವ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಕೂರುತ್ತಿದ್ದರಂತೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸುತ್ತಿದ್ದರಂತೆ. ಐನೂರು ವರ್ಷ ಕಳೆದು ತೊಗಲಿನ ಜಾಗಕ್ಕೆ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. ಅಲ್ಲಲ್ಲಿ ಫೈಬರ್ ತೆಪ್ಪಗಳೂ ಇಳಿದಿವೆ. ಬಿದಿರ ಹೆಣಿಗೆ ಅದೇ, ಹುಟ್ಟು ಆಡಿಸುವ ಕೈಯೂ ಅದೇ. ತೆರೆದ ಕೆನೂವಿನಲ್ಲಿ ಮುಂದೆ ಕೂತವರು ದೋಣಿಯನ್ನು ಪಕ್ಕಕ್ಕೆ ಸರಿಸಲು ನೀರನ್ನು ತಮ್ಮತ್ತ ಎಳೆದುಕೊಳ್ಳುವ ಒಂದು ವರಸೆ ಇದೆ. ಅದನ್ನು ಕಲಿಯಲು ಹೊಸಬರು ಒದ್ದಾಡುತ್ತಾರೆ. ಸಂಗಮದ ತೆಪ್ಪದವರಿಗೆ ಅದು ದಿನದ ಕೂಲಿ.

ಇನ್ನು ಜಾಗಗಳ ವಿಚಾರ. ಬೆಂಗಳೂರಿಗರು ಮೊದಲು ಹೋಗುವುದು ಮಾಗಡಿ ತಾಲ್ಲೂಕಿನ ಮಂಚನಬೆಲೆಗೆ. ಅರ್ಕಾವತಿಗೆ ಕಟ್ಟಿರುವ ಈ ಜಲಾಶಯ ಗುಡ್ಡಗಳ ನಡುವೆ ಒತ್ತಿಕೊಂಡಿದೆ. ಸಾವನದುರ್ಗದ ಏಕಶಿಲೆ ಹತ್ತಿರದಲ್ಲೇ ಇದೆ. ಹಿನ್ನೀರಿನ ದಡದ ಖಾಸಗಿ ಶಿಬಿರಗಳಲ್ಲಿ ಕಯಾಕ್, ತೆಪ್ಪ, ತರಾಪ ಎಲ್ಲ ಇವೆ. ಬೆಳಗಿನ ಹೊತ್ತು ಗಾಳಿ ಏಳುವ ಮೊದಲು ನೀರು ಕದಲದೆ ಇರುತ್ತದೆ; ಪ್ಯಾಡಲ್‌ಬೋರ್ಡ್ ಮೇಲೆ ಮೊದಲ ಬಾರಿ ನಿಲ್ಲುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಆದರೆ ಇದೇ ಮಂಚನಬೆಲೆ ಪತ್ರಿಕೆಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುವುದು ಮುಳುಗಿ ಸತ್ತವರ ಸುದ್ದಿಯಲ್ಲಿ. ಕಾರಣ ಸರಳ. ಕಣಿವೆಗೆ ಅಡ್ಡ ಕಟ್ಟಿದ ಅಣೆಕಟ್ಟೆಯ ದಡ ಕೆರೆಯ ದಡದಂತೆ ಮೆಲ್ಲಗೆ ಇಳಿಯುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತವರ ಮುಂದಿನ ಹೆಜ್ಜೆ ಆಳುದ್ದಕ್ಕೆ ಹೋಗಬಹುದು. ಬಂಡೆಯ ಮೇಲಿನ ಪಾಚಿ ಬೇರೆ. ನೀರು ಇಳಿದ ಬೇಸಿಗೆಯಲ್ಲಿ ಮುಳುಗಿದ್ದ ಮರದ ಬೊಡ್ಡೆ, ಕಲ್ಲುಗುಂಡು ಮೇಲಕ್ಕೆ ಬರುತ್ತವೆ. ದಡದಲ್ಲಿ ಬಿಯರ್ ಬಾಟಲಿಯ ಚೂರುಗಳಂತೂ ವರ್ಷವಿಡೀ ಇರುತ್ತವೆ. ಬರಿಗಾಲಲ್ಲಿ ಬೋರ್ಡ್ ಹತ್ತುವುದೇ ಚೆಂದ ಎನ್ನುವ ವಿದೇಶಿ ವಿಡಿಯೋಗಳನ್ನು ಪಕ್ಕಕ್ಕಿಟ್ಟು ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ.

ಅದೇ ಅರ್ಕಾವತಿಯ ಮೇಲ್ಭಾಗದ ತಿಪ್ಪಗೊಂಡನಹಳ್ಳಿ ಜಲಾಶಯ ಚಿತ್ರದಲ್ಲಿ ಸುಂದರ. ಅರ್ಕಾವತಿ, ಕುಮುದ್ವತಿಗಳ ಕೂಡುವೆಡೆಯಲ್ಲಿ 1930ರ ದಶಕದಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಿದ್ದು ಅದು. ಅಲ್ಲಿ ದೋಣಿ ಇಳಿಸುವ ಯೋಚನೆಯೇ ಬೇಡ. ಬಿಡದಿ ಬಳಿಯ ಬೈರಮಂಗಲ ಕೆರೆಯ ವಿಷಯದಲ್ಲಿ ಯಾರೂ ನಿಷೇಧ ಹೇರಬೇಕಿಲ್ಲ. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ಸೇರುವ ಆ ನೀರಿನ ವಾಸನೆಯೇ ಸಾಕು. ವೃಷಭಾವತಿ ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಗೆ ಸೇರುತ್ತದೆ. ಹೀಗಾಗಿ ಅಲ್ಲಿಂದ ಕೆಳಗಿನ ಅರ್ಕಾವತಿ, ಹಾರೋಬೆಲೆ ಜಲಾಶಯವೂ ಸೇರಿದಂತೆ, ನೋಡಲು ನೀಲಿ ಇದ್ದರೂ ಹುಟ್ಟು ಹಾಕಲು ತಕ್ಕ ನೀರಲ್ಲ. ಹೊಸಬರು ಎಷ್ಟು ಸಲ ಬೀಳುತ್ತಾರೋ ಅಷ್ಟು ಸಲ ಬಾಯಿಗೆ ಮೂಗಿಗೆ ನೀರು ಹೋಗುತ್ತದೆ ಎಂಬುದನ್ನು ಮರೆಯಬಾರದು. ಮಳೆಗಾಲದ ಕೆಂಪು ನೀರಿನಲ್ಲಿ ಇಲಿಜ್ವರದ ಭಯವೂ ಇದೆ. ಕೈಕಾಲಲ್ಲಿ ಗಾಯ ಇದ್ದರೆ ಇಳಿಯದಿರುವುದು ಮೇಲು.

ಚನ್ನಪಟ್ಟಣದ ಕಥೆ ಬೇರೆ. ಇಲ್ಲಿನದು ಕೆರೆಗಳ ನಾಡು. ಇಗ್ಗಲೂರು ಬಳಿ ಶಿಂಷಾ ನದಿಗೆ ಕಟ್ಟಿರುವ ಬ್ಯಾರೇಜಿನಿಂದ ನೀರೆತ್ತಿ ಕೆರೆ ತುಂಬಿಸುವ ಯೋಜನೆ ಬಂದ ಮೇಲೆ, ಒಣಗಿ ಜಾಲಿ ಬೆಳೆದಿದ್ದ ಅಂಗಳಗಳಲ್ಲಿ ಮತ್ತೆ ನೀರು ನಿಂತಿತು. ನೀರು ನಿಂತಲ್ಲಿ ಹೆಜ್ಜಾರ್ಲೆ ಬಂತು, ಬಣ್ಣದ ಕೊಕ್ಕರೆ ಬಂತು. ಪಕ್ಕದ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಈ ಸುತ್ತಿನ ಕೆರೆಗಳೇ ಊಟದ ಮನೆ. 1946ರಲ್ಲಿ ಕಟ್ಟಿದ ಕಣ್ವ ಜಲಾಶಯ ಹೆದ್ದಾರಿಯಿಂದ ದೂರವಿಲ್ಲ. 2022ರ ಭಾರಿ ಮಳೆಗೆ ಅದು ಕೋಡಿ ಬಿದ್ದಾಗ ನೋಡಲು ಊರಿಗೆ ಊರೇ ಹೋಗಿತ್ತು. ಆಳ ಕಡಿಮೆ ಇರುವ, ಅಗಲವಾಗಿ ಹರಡಿಕೊಂಡಿರುವ ಇಂಥ ನೀರು ಕಯಾಕ್ ಕಲಿಯುವವರಿಗೆ ಒಳ್ಳೆಯದು ಅನ್ನಿಸುತ್ತದೆ. ಅನ್ನಿಸುವುದರಲ್ಲಿ ಅರ್ಧ ನಿಜ.

ಉಳಿದರ್ಧ ನೀರಿನ ಅಡಿಯಲ್ಲಿದೆ. ಇಟ್ಟಿಗೆಗೆ, ರಸ್ತೆಗೆ, ತೋಟಕ್ಕೆ ಎಂದು ಕೆರೆಯಂಗಳದ ಮಣ್ಣು ತೆಗೆದ ಜಾಗಗಳು ನೀರು ತುಂಬಿದಾಗ ಕಾಣದ ಗುಂಡಿಗಳಾಗುತ್ತವೆ. ಹಳ್ಳಿ ಮಕ್ಕಳು ಕೆರೆಯಲ್ಲಿ ಸಾಯುವುದು ಹೆಚ್ಚಾಗಿ ಇಂಥ ಗುಂಡಿಗಳಲ್ಲೇ. ತಳದ ಹೂಳು ಇನ್ನೊಂದು ತೊಡಕು. ಇಳಿದು ನಿಂತರೆ ಮೊಣಕಾಲವರೆಗೆ ಹೂತುಕೊಳ್ಳುತ್ತದೆ, ಕಾಲು ಕೀಳಲಾಗುವುದಿಲ್ಲ. ಇನ್ನು ಬಲೆಗಳು. ಬಹಳಷ್ಟು ಕೆರೆಗಳಲ್ಲಿ ಮೀನಿನ ಗುತ್ತಿಗೆ ಇರುತ್ತದೆ. ಸಂಜೆ ಬಿಟ್ಟ ಬಲೆಯನ್ನು ಬೆಳಗ್ಗೆ ಎಳೆಯುತ್ತಾರೆ. ನೀರಿನ ಮೇಲೆ ಸಾಲಾಗಿ ತೇಲುವ ಖಾಲಿ ನೀರಿನ ಬಾಟಲಿಗಳೋ ಥರ್ಮಾಕೋಲ್ ತುಂಡುಗಳೋ ಕಂಡರೆ ಕೆಳಗೆ ಬಲೆ ಇದೆ ಎಂದೇ ತಿಳಿಯಬೇಕು. ಬೋರ್ಡ್‌ನ ತಳದ ಚಿಕ್ಕ ರೆಕ್ಕೆ ಅದಕ್ಕೆ ಸಿಕ್ಕಿದರೆ ಬೋರ್ಡ್ ಥಟ್ಟನೆ ನಿಲ್ಲುತ್ತದೆ, ಮೇಲೆ ನಿಂತವರು ಮುಂದಕ್ಕೆ ಹಾರುತ್ತಾರೆ. ನಷ್ಟ ಮೀನುಗಾರನಿಗೂ ಆಗುತ್ತದೆ. ಕೆರೆಗೆ ಇಳಿಯುವ ಮೊದಲು ದಡದಲ್ಲಿರುವವರನ್ನು ‘ಅಣ್ಣ, ಬಲೆ ಎಲ್ಲೆಲ್ಲಿ ಬಿಟ್ಟಿದ್ದೀರಿ? ಗುಂಡಿ ಯಾವ ಕಡೆ?’ ಎಂದು ಕೇಳಿದರೆ ಯಾವ ಆ್ಯಪೂ ಹೇಳದ ನಕ್ಷೆ ಸಿಗುತ್ತದೆ. ಗೂಡಿನ ಕಾಲದಲ್ಲಿ ಹಕ್ಕಿಗಳ ಗುಂಪಿನಿಂದ ದೂರ ಇರುವುದನ್ನು ಬೇರೆ ಹೇಳಬೇಕಿಲ್ಲ.

ಇಗ್ಗಲೂರಿನ ಬ್ಯಾರೇಜಿನ ಬಗ್ಗೆ ಒಂದೇ ಮಾತು: ಹತ್ತಿರ ಸುಳಿಯಬೇಡಿ. ಅಡ್ಡಗಟ್ಟೆಯ ಮೇಲಿಂದ ಧುಮುಕಿದ ನೀರು ಕೆಳಗೆ ಮಗುಚಿ ಮತ್ತೆ ಗೋಡೆಯ ಕಡೆಗೇ ತಿರುಗುತ್ತದೆ. ನೋಡಲು ಅದು ಒಂದು ಚಿಕ್ಕ ನೊರೆಯ ಪಟ್ಟಿ, ಅಷ್ಟೆ. ಅದರೊಳಗೆ ಸಿಕ್ಕಿದ ದೋಣಿಯಾಗಲಿ ಮನುಷ್ಯನಾಗಲಿ ಹೊರಕ್ಕೆ ಬರದೆ ಅಲ್ಲೇ ಸುತ್ತುತ್ತ ಇರಬೇಕಾಗುತ್ತದೆ. ಜಗತ್ತಿನ ಯಾವ ನದಿಯಲ್ಲೇ ಆಗಲಿ, ಪಳಗಿದ ಕಯಾಕಿಗರೂ ಹೆದರುವುದು ಎತ್ತರದ ಜಲಪಾತಕ್ಕಿಂತ ಇಂಥ ಗಿಡ್ಡ ಕಟ್ಟೆಗೆ.

ಕಾವೇರಿಯದೇ ಒಂದು ಲೋಕ. ಸಂಗಮ, ಗಾಳಿಬೋರೆ, ಭೀಮೇಶ್ವರಿ ಎಲ್ಲ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಸುತ್ತಿನವು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಗಾಳಗಾರರು ಇಲ್ಲಿನ ದೈತ್ಯ ಮಹಶೀರ್ ಮೀನನ್ನು ಹುಡುಕಿಕೊಂಡು ಬಂದರು. ಅವರನ್ನು ಮಡುವಿನಿಂದ ಮಡುವಿಗೆ ಕರೆದೊಯ್ದದ್ದು ತೆಪ್ಪ. ದಾರಿ ತೋರಿಸಿದ್ದು ಸ್ಥಳೀಯ ಮೀನುಗಾರರು. ಅವರಲ್ಲಿ ಕೆಲವರು ಅದಕ್ಕೆ ಮೊದಲು ಕದ್ದು ಮೀನು ಹಿಡಿಯುತ್ತಿದ್ದವರೇ. ಮುಂದೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಗಾಳದ ಶಿಬಿರಗಳನ್ನು ನಡೆಸಿತು. ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತ ಮೇಲೆ ಅದೇ ಜಾಗಗಳು ಪ್ರಕೃತಿ ಶಿಬಿರಗಳಾದವು. ಆ ಮೀನಿಗೆ ಟಾರ್ ರೆಮಾದೇವಿಯೇ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಈಗ ಅಲ್ಲಿ ನಡೆಯುವ ತೆಪ್ಪ ಸವಾರಿ, ಕಯಾಕಿಂಗ್, ರಾಫ್ಟಿಂಗ್‌ಗೆ ಒಂದು ಶಿಸ್ತು ಇದೆ: ಅರಣ್ಯದ ಅನುಮತಿ, ಮಾರ್ಗದರ್ಶಿ, ಲೈಫ್ ಜಾಕೆಟ್. ಭೀಮೇಶ್ವರಿ ಮಳವಳ್ಳಿ ತಾಲ್ಲೂಕಿಗೆ ಸೇರಿದ್ದಾದರೂ ಕನಕಪುರದವರಿಗೆ ಅದು ನೆರೆಮನೆ. ಅದೃಷ್ಟ ಇದ್ದರೆ ನೀರುನಾಯಿಗಳ ಹಿಂಡು ಕಾಣುತ್ತದೆ. ಅದೃಷ್ಟ ಇಲ್ಲದಿದ್ದರೂ ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆ ಕಾಣಬಹುದು. ಸ್ವಂತ ಬೋರ್ಡ್ ಹೊತ್ತು ಕದ್ದು ಇಳಿಯುವವರು ಆ ಮೊಸಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಲ್ಲಿನ ಹೊಳೆಯ ಮಟ್ಟ ಇಲ್ಲಿನ ಮಳೆಯನ್ನು ನಂಬಿಕೊಂಡಿಲ್ಲ. ಕನಕಪುರದಲ್ಲಿ ಬಿರುಬಿಸಿಲಿದ್ದರೂ ಕೊಡಗಿನಲ್ಲಿ ಸುರಿದರೆ, ಕೃಷ್ಣರಾಜಸಾಗರದ ಗೇಟು ತೆರೆದರೆ ಸಂಗಮದಲ್ಲಿ ನೀರು ಏರುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚಿದ ಬಂಡೆ ಸಂಜೆಗೆ ನಡುಗಡ್ಡೆಯಾಗಿರುವುದು ಹೊಸದೇನಲ್ಲ. ‘ಮ್ಯಾಲಿಂದ ನೀರ್ ಬುಟ್ಟವ್ರೆ’ ಎಂದು ತೆಪ್ಪದವರು ಹೇಳಿದರೆ ವಾದ ಮಾಡದೆ ಹಿಂತಿರುಗಬೇಕು. ಅಲ್ಲಿಂದ ಕೆಳಗೆ ಮೇಕೆದಾಟಿನ ಕೊರಕಲಲ್ಲಿ ಇಡೀ ಹೊಳೆ ಕಿರಿದಾದ ಬಂಡೆಯ ಸಂದಿಗೆ ನುಗ್ಗುತ್ತದೆ. ಅದು ದಡದಿಂದ, ಅದೂ ಅಂಚಿಗೆ ಹೋಗದೆ, ನೋಡುವ ಜಾಗ.

ಕಲಿಕೆಗೆ ಬರೋಣ. ಪ್ಯಾಡಲ್‌ಬೋರ್ಡ್ ಹತ್ತುವ ಕ್ರಮ ಹೀಗೆ: ಮೊಣಕಾಲುದ್ದ ನೀರಿನಲ್ಲಿ ಬೋರ್ಡ್ ಇಟ್ಟು, ಅದರ ನಡುವೆ ಇರುವ ಹಿಡಿಯ ಎರಡೂ ಪಕ್ಕಕ್ಕೆ ಮಂಡಿ ಊರಬೇಕು. ಮಂಡಿಯ ಮೇಲೇ ಸ್ವಲ್ಪ ದೂರ ಹುಟ್ಟು ಹಾಕಿ ನೀರಿನ ತೂಗಾಟ ಮೈಗೆ ಹೊಂದಿಕೊಂಡ ಮೇಲೆ ಒಂದೊಂದೇ ಪಾದ ಊರಿ ಏಳಬೇಕು. ಎದ್ದವರು ಮಾಡುವ ಮೊದಲ ಕೆಲಸ ಕೆಳಗೆ ಪಾದ ನೋಡಿಕೊಳ್ಳುವುದು. ಎರಡನೆಯ ಕೆಲಸ ಬೀಳುವುದು. ಕಣ್ಣು ದೂರದ ದಡದ ಮೇಲಿರಬೇಕು, ಮಂಡಿ ಸಡಿಲ ಇರಬೇಕು. ಹುಟ್ಟಿನ ಅಲಗು ಹಿಡಿಗೆ ನೇರವಾಗಿರದೆ ತುಸು ಬಾಗಿರುತ್ತದೆ. ಆ ಬಾಗು ಮುಂದಕ್ಕೆ ಇರಬೇಕು, ಹೊಸಬರಲ್ಲಿ ಬಹುಪಾಲು ಜನ ತಿರುಗಿಸಿ ಹಿಡಿದಿರುತ್ತಾರೆ. ಬಿದ್ದರೆ ಬೋರ್ಡ್‌ನಿಂದ ಆಚೆಗೆ, ಮೈ ಚಪ್ಪಟೆ ಮಾಡಿ ಬೀಳಬೇಕು. ಮತ್ತೆ ಹತ್ತುವಾಗ ತೋಳ್ಬಲವೊಂದನ್ನೇ ನಂಬಿದರೆ ಆಗದು. ಪಕ್ಕದಿಂದ ನಡುವಿನ ಹಿಡಿಯನ್ನು ಹಿಡಿದು, ಕಾಲು ಬಡಿಯುತ್ತ ಮೈಯನ್ನು ನೀರಿನ ಮಟ್ಟಕ್ಕೆ ತಂದು, ಹೊಟ್ಟೆಯ ಮೇಲೆ ಜಾರಿಕೊಳ್ಳಬೇಕು. ಮೇಲೆ ಕೂರುವ ಬಗೆಯ ಕಯಾಕ್‌ಗೂ ಕ್ರಮ ಇದೇ: ಮೊದಲು ಹೊಟ್ಟೆ, ಆಮೇಲೆ ತಿರುಗಿ ಕುಂಡೆ, ಕೊನೆಗೆ ಕಾಲು. ಈ ಮರುಹತ್ತುವಿಕೆಯನ್ನು ದಡದ ಹತ್ತಿರ ಚೆನ್ನಾಗಿ ರೂಢಿ ಮಾಡಿಕೊಳ್ಳದೆ ನಡುನೀರಿಗೆ ಹೋಗಬಾರದು.

ಬೋರ್ಡ್ ಕೈತಪ್ಪಿ ಹೋಗದಂತೆ ಕಾಲಿಗೆ ಕಟ್ಟುವ ದಾರದ ಬಗ್ಗೆ ಒಂದು ಎಚ್ಚರ. ನಿಂತ ನೀರಿನಲ್ಲಿ ಅದು ಪ್ರಾಣರಕ್ಷಕ. ಹರಿಯುವ ಹೊಳೆಯಲ್ಲಿ ಅದೇ ದಾರ ಮರದ ಬೊಡ್ಡೆಗೆ ಸಿಕ್ಕಿ, ಸೆಳೆತ ಮೈಯನ್ನು ಕೆಳಕ್ಕೆ ಒತ್ತಿದರೆ, ಕೈ ಪಾದದವರೆಗೆ ತಲುಪುವುದಿಲ್ಲ. ಅದಕ್ಕೇ ಹೊಳೆಯಲ್ಲಿ ಹೋಗುವವರು ಸೊಂಟದಲ್ಲಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದ್ದನ್ನು ಕಟ್ಟುತ್ತಾರೆ.

ಗಾಳಿಯ ವಿಚಾರ ನಮ್ಮವರು ಯೋಚಿಸುವುದೇ ಕಡಿಮೆ. ಬಯಲುಸೀಮೆಯಲ್ಲಿ ಆಷಾಢದ ಗಾಳಿ ಗಾಳಿಪಟಕ್ಕೆ ಒಳ್ಳೆಯದು, ಬೋರ್ಡ್‌ಗೆ ಅಲ್ಲ. ನಿಂತ ಮನುಷ್ಯನ ಮೈಯೇ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ಸುಸ್ತಾದ ಮೇಲೆ ಗಾಳಿಯೇ ಮನೆ ಮುಟ್ಟಿಸುತ್ತದೆ. ಹಿಂದಿನಿಂದ ಬರುವ ಗಾಳಿಯನ್ನು ನಂಬಿ ಮೈಮರೆತು ಹೋದವರು ವಾಪಸ್ ಬರಲು ಬೆವರು ಸುರಿಸಬೇಕು. ಮಳೆಗಾಲ ಕಳೆದು ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗುಗಳು ಇಲ್ಲಿ ಹೇಳಿ ಮಾಡಿಸಿದ ಕಾಲ. ನೀರೂ ಇರುತ್ತದೆ, ಗಾಳಿಯೂ ತಣ್ಣಗಿರುತ್ತದೆ.

‘ನಂಗೆ ಈಜು ಬರುತ್ತೆ, ಜಾಕೆಟ್ ಯಾಕೆ?’ ಎಂಬ ಮಾತು ನಮ್ಮ ಗಂಡಸರ ಬಾಯಲ್ಲಿ ಹೆಚ್ಚು. ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಿರುವುದಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರ್ಷಗಳ ಲೆಕ್ಕ ಹೇಳುತ್ತದೆ. ತೋಟದ ಬಾವಿಯಲ್ಲಿ ಕಲಿತ ಈಜು ಜೀನ್ಸ್ ತೊಟ್ಟು, ಊಟ ಮಾಡಿ, ನಡುನೀರಿನಲ್ಲಿ ಬಿದ್ದವನಿಗೆ ಎಷ್ಟು ಹೊತ್ತು ಒದಗೀತು? ಜಾಕೆಟ್ ತೊಟ್ಟರಷ್ಟೇ ಸಾಲದು. ಮುಂದಿನ ಬಕಲ್‌ಗಳನ್ನೆಲ್ಲ ಹಾಕಿ, ಯಾರಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದರೆ ಅದು ಕಿವಿಯವರೆಗೆ ಬರಬಾರದು. ಬಂದರೆ ನೀರಿನಲ್ಲಿ ಜಾಕೆಟ್ ಮೇಲೆ, ಮನುಷ್ಯ ಕೆಳಗೆ. ಹೀಗೆ ನೋಡಿದರೆ ಕಯಾಕ್ ಹವ್ಯಾಸ ಈ ಜಿಲ್ಲೆಗೆ ಅಪಾಯ ತರುವುದಕ್ಕಿಂತ ಕಳೆಯುವುದೇ ಹೆಚ್ಚು ಎಂಬುದು ನನ್ನ ಎಣಿಕೆ. ಇಲ್ಲಿ ಸತ್ತವರಲ್ಲಿ ಹೆಚ್ಚಿನವರು ದೋಣಿಯಿಂದ ಬಿದ್ದವರಲ್ಲ. ಜಾಕೆಟ್ಟೂ ಇಲ್ಲದೆ, ಜೊತೆಗೆ ಬಲ್ಲವರೂ ಇಲ್ಲದೆ ಸುಮ್ಮನೆ ನೀರಿಗೆ ಇಳಿದವರು.

ಆದರೆ ಜಿಪ್‌ಲೈನ್, ಪೇಂಟ್‌ಬಾಲ್, ಮಧ್ಯಾಹ್ನದ ಬಫೆ ಊಟದ ಜೊತೆಗೆ ಕೊಡುವ ಇಪ್ಪತ್ತು ನಿಮಿಷದ ಕಯಾಕಿಂಗನ್ನು ಕಲಿಕೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ಅದು ಜಾತ್ರೆಯ ತೊಟ್ಟಿಲು. ನಿಜವಾಗಿ ಕಲಿಯುವ ಆಸೆ ಇದ್ದವರಿಗೆ ರಾಜ್ಯದಲ್ಲಿ ದಾರಿಗಳಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ರಾಮನಗರದ ಬಂಡೆಗಳಲ್ಲಿ ಶಿಲಾರೋಹಣ ಕಲಿಸುವುದರ ಜೊತೆಗೆ ಜಲಸಾಹಸ ತರಬೇತಿಗಳನ್ನೂ ನಡೆಸುತ್ತದೆ. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ, ಲಿಂಗನಮಕ್ಕಿಯ ಹಿನ್ನೀರಿನ ದಡದಲ್ಲಿ, ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿತೊ ಕಾಮದಾರ್ ವರ್ಷಗಳಿಂದ ತೆಪ್ಪ, ಕಯಾಕ್ ಕಲಿಸುತ್ತ ಬಂದಿದ್ದಾರೆ. ಅಲ್ಲಿ ಕಸ ಬಿಸಾಡಿದರೆ ಬೈಸಿಕೊಳ್ಳಬೇಕಾಗುತ್ತದೆ, ಅದೂ ಪಾಠವೇ. ಕರಾವಳಿಯಲ್ಲಿ ಸಾಲಿಗ್ರಾಮದ ಕಾಂಡ್ಲಾವನದ ನಡುವೆ ಕಯಾಕ್ ಹಾದಿ ಇದೆ. ಮಂಗಳೂರಿನ ಸಸಿಹಿತ್ಲು ಕಡಲತೀರದಲ್ಲಿ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಯೇ ನಡೆಯಿತು.

ಸ್ಪರ್ಧೆಯ ಮಾತು ಬಂದಾಗ ಹಾಂಗ್‌ಝೌ ನೆನಪಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ 1,000 ಮೀಟರ್ ಜೋಡಿ ಕೆನೂವಿನಲ್ಲಿ ಕಂಚು ಗೆದ್ದರು. ಸುನಿಲ್ ಮಣಿಪುರದ ಮೀನುಗಾರ ಕುಟುಂಬದ ಹುಡುಗ. ಸಂಗಮದ, ಕಾವೇರಿ ದಡದ ಮುತ್ತತ್ತಿಯ ತೆಪ್ಪದವರ ಮಕ್ಕಳಿಗೂ ಹುಟ್ಟು ಹೊಸತಲ್ಲ. ಅವರಲ್ಲಿ ಈ ಕಸುಬು ಬಿಟ್ಟು ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಹೋಗುತ್ತಿರುವವರೂ ಇದ್ದಾರೆ. ಇಲಾಖೆಗಳು ಶಿಬಿರಗಳಿಗೆ ಅನುಮತಿ ಕೊಡುವಾಗ ಇವರಿಗೆ ಜೀವರಕ್ಷಕ ತರಬೇತಿ, ಪ್ರಮಾಣಪತ್ರ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಷರತ್ತು ಹಾಕಿದರೆ ತಪ್ಪೇನು? ಈ ಹೊಳೆಯ ಸುಳಿ, ಮಡು, ಹಿನ್ನೀರು ಬಲ್ಲವರನ್ನು ಬಿಟ್ಟು ಬೇರೆಡೆಯಿಂದ ಬೋಧಕರನ್ನು ಕರೆಸುವುದಕ್ಕೆ ನನಗೆ ಅರ್ಥ ಕಾಣುವುದಿಲ್ಲ.

ಕೊನೆಗೆ ಕೊಳ್ಳುವ ಮಾತು. ಗಾಳಿ ತುಂಬುವ ಸಾಧಾರಣ ಬೋರ್ಡ್ ಆಗಲಿ, ಒಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್ ಆಗಲಿ ಇಪ್ಪತ್ತೈದು ಮೂವತ್ತು ಸಾವಿರಕ್ಕೆ ಕಡಿಮೆ ಸಿಗುವುದು ಕಷ್ಟ. ಕಯಾಕ್ ಕೊಳ್ಳುವವರು ಮೊದಲು ಮನೆಯ ಮೆಟ್ಟಿಲ ತಿರುವು ಅಳೆಯಿರಿ, ಲಿಫ್ಟಿನಲ್ಲಿ ಅದು ಹಿಡಿಯುವುದಿಲ್ಲ. ಒಂದು ಸುಗ್ಗಿಕಾಲ ಬಾಡಿಗೆಯ ದೋಣಿಯಲ್ಲೇ ಕಳೆಯಿರಿ. ಅಷ್ಟರಲ್ಲಿ ಕೂರುವುದು ಇಷ್ಟವೋ ನಿಲ್ಲುವುದು ಇಷ್ಟವೋ, ಬೆಳಗ್ಗೆ ಐದಕ್ಕೆ ಏಳಲು ಆಗುತ್ತದೋ ಇಲ್ಲವೋ ಗೊತ್ತಾಗಿರುತ್ತದೆ. ಜಾಕೆಟ್ ಮಾತ್ರ ಮೊದಲ ದಿನವೇ ಸ್ವಂತದ್ದು ಕೊಳ್ಳಿ, ನಿಮ್ಮ ಅಳತೆಯದು. ಬಾಡಿಗೆಯ ಜಾಕೆಟ್‌ಗಳಲ್ಲಿ ಬಕಲ್ ಒಡೆದು ದಾರ ಕಟ್ಟಿಕೊಂಡವೇ ಹೆಚ್ಚು.